ಓರಗಿತ್ತಿಯ ಸೀಟು

ಗುರುವಾರ, ಹದಿನಾಲ್ಕು

ಓರಗಿತ್ತಿಗೆ ಸೀಟು ಸಿಕ್ಕಿದೆ. ಸರ್ಕಾರದ ಖರ್ಚಿನಲ್ಲಿ ಒಂದು ವರ್ಷ ಲ್ಯಾಬ್ ಟೆಕ್ನಿಷಿಯನ್ ತರಬೇತಿ. ಅರ್ಜಿ ತುಂಬಿಕೊಟ್ಟವಳು ನಾನೇ. ಅಂದು ನನಗೂ ಒಂದು ಫಾರಂ ಕೇಳಿದ್ದೆ. ಗುಮಾಸ್ತ ನಕ್ಕುಬಿಟ್ಟ. "ಡಿಗ್ರಿ ಆದವ್ರಿಗೆ ಇಲ್ಲಮ್ಮ. ನೀವು ಓದಿ ಕೆಟ್ರಿ!"

ಅವಳಿಗೆ ಫೋನಿಲ್ಲವೆಂದು ಅರ್ಜಿಯಲ್ಲಿ ನನ್ನ ನಂಬರನ್ನೇ ಬರೆದಿದ್ದೆ. ಮಧ್ಯಾಹ್ನ ಕಾಲೇಜಿನಿಂದ ಕರೆ ಬಂತು. ನಾಳೆ ಹತ್ತು ಗಂಟೆಯೊಳಗೆ ಬರದಿದ್ದರೆ ಸೀಟು ಬೇರೆಯವರಿಗಂತೆ. ತಿಳಿಸುತ್ತೇನೆ ಅಂದೆ. ತಿಳಿಸಿಲ್ಲ. ಸಂಜೆ ನನ್ನ ಮಗುವಿಗೆ ಗಂಜಿ ಕುಡಿಸುತ್ತಾ, "ಏನಾದ್ರೂ ಗೊತ್ತಾಯ್ತಾ ಅಕ್ಕಾ?" ಅಂತ ಅವಳೇ ಕೇಳಿದಳು. ಇಲ್ಲ ಅಂದೆ.

ಅವಳು ಬಿಳಿ ಕೋಟು ತೊಟ್ಟು ಬಸ್ಸು ಹತ್ತುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಬೆಳಿಗ್ಗೆ ಹೇಳಿದರಾಯಿತು ಎಂದು ಮಲಗಿದೆ, ನಿದ್ದೆ ಹತ್ತಲಿಲ್ಲ. ಬೆಳಗಾದ ಮೇಲೆ ನನ್ನನ್ನು ನಾನೇ ನಂಬಲಾರೆ. ಈಗಲೇ ಹೋಗಿ ಅವಳ ಬಾಗಿಲು ಬಡಿದು ಹೇಳಿಬಿಡುತ್ತೇನೆ.