ಹಿಮದಾಗ ಆರಿದ ಬೆಂಕಿ

ಮಾಳಣ್ಣಾ,

ಎದ್ದ ಕೂಡ್ಲೇ ನಿನ್ನ ಹಿಮದ ಗೇಮಿನ ಹೊಸಾ ಅಪ್‌ಡೇಟ್ ವಾಪಸ್ ತಗಿ. ಆಡಾವ್ರು ಭಾಳ ಸರಳ ಐತಿ ಅಂದ್ರಂತ ಬೆಂಕಿ ತಾನ ಆರೂಹಂಗ ಮಾಡೀದಿ. ಅದರಾಗಿನ ಕುರಿಗಾರ ಮುದುಕಗ ಅಪ್ಪನ ದನಿ ಹಾಕಿದಾಂವನೂ ನೀನ.

ಅಪ್ಪ ಹೋದಾಗಿಂದ ಅವ್ವ ದಿನಾ ಮುಂಜಾನಿ ಮೊಬೈಲ್‌ನ್ಯಾಗ ಆ ಮುದುಕಗ ಬೆಂಕಿ ಹಚ್ಚಿ, ಅಂವ ಕುರಿ ಕರಿಯೂದು ಕೇಳಿದ ಮ್ಯಾಲೇ ಚಾ ಕುಡೀತಾಳ. ಇವತ್ತ ನೋಡಿದ್ರ ಅಂವ ಹಿಮದಾಗ ಸೆಟೆದು ಬಿದ್ದಾನ.

"ಕಂಬಳಿ ಹೊಚ್ಚಾಕ ಎಲ್ಲಿ ಒತ್ತಬೇಕ?" ಅಂತ ಕೇಳಿದ್ಲು. ಅದಕ್ಕ ನೀ ಬಟನ್ ಇಟ್ಟಿಲ್ಲ.

ನಾ ಕುರಿ ಹೊಡ್ಕೊಂಡು ಹೊಂಟೇನಿ. ರೊಟ್ಟಿ ಬುಟ್ಟ್ಯಾಗ ಅದಾವು, ಅವ್ವ ಏನೂ ತಿಂದಿಲ್ಲ.

ಗೇಮ್ ಸರಳ ಆದ್ರ ಆಗ್ಲಿ. ಅಪ್ಪಗ ಒಮ್ಮೆ ಮಣ್ಣ ಕೊಟ್ಟೇವಿ, ಸಾಕು.

ಅರ್ಚನಾ