ಹಕ್ಕಿಯ ಫೋಟೋಕ್ಕೆ ಹೊರಟವರು ಕ್ಷಮೆ ಕೇಳುತ್ತಾರಾ?

ಕಾಪು,
ಜನವರಿ 9, 2026, ಶುಕ್ರವಾರ

ಪ್ರೀತಿಯ ಮಗ ಝಿಯಾದ್‌ಗೆ,

ಉಮ್ಮನ ಸಲಾಂ. ನೀನು, ರಿಝಾನಾ, ಪುಟ್ಟ ಜುಮಾನಾ ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ. ದಮ್ಮಾಮಿನಲ್ಲಿ ಈಗ ಚಳಿಯಂತೆ, ಮಗುವಿನ ಕಿವಿ ಮುಚ್ಚದೆ ಹೊರಗೆ ಕರೆದುಕೊಂಡು ಹೋಗಬೇಡಿ. ನಿನ್ನ ಬೆನ್ನುನೋವು ಹೇಗಿದೆ? ನನ್ನ ಮೊಣಕಾಲು ಅದರ ಪಾಡಿಗೆ ನೋಯುತ್ತದೆ, ನಾನು ನನ್ನ ಪಾಡಿಗೆ ನಡೆಯುತ್ತೇನೆ. ಫೋನಿರುವಾಗ ಉಮ್ಮನಿಗೆ ಈ ಕಾಗದದ ಹುಚ್ಚು ಯಾಕೆ ಎಂದು ಕೇಳಬೇಡ. ನಾನು ಫೋನು ಹಿಡಿದರೆ ನಿನ್ನ ಉಪ್ಪ ಪಕ್ಕದಲ್ಲೇ ಬಂದು ಕೂರುತ್ತಾರೆ. ಅವರು ಜುಮಾ ನಮಾಝಿಗೆ ಹೋದ ಹೊತ್ತು ನೋಡಿ ಬರೆಯುತ್ತಿದ್ದೇನೆ. ನಾಳೆ ದಮ್ಮಾಮಿಗೆ ಹೊರಡುವ ನಜೀಬನ ಕೈಯಲ್ಲಿ ಹಲ್ವದ ಜೊತೆ ಇದನ್ನೂ ಕಳಿಸುತ್ತೇನೆ. ಹಲ್ವ ಆಮೇಲೆ ತಿನ್ನು, ಕಾಗದ ಮೊದಲು ಓದು.

ಉಪ್ಪನ ಹಕ್ಕಿ ಹುಚ್ಚು ನಿನಗೆ ಗೊತ್ತೇ ಉಂಟು. ಬಟ್ಟೆ ಅಂಗಡಿ ಬಿಟ್ಟ ಮೇಲೆ ಆ ಉದ್ದ ಮೂತಿಯ ಕ್ಯಾಮೆರಾ ಕೊಂಡು, ಶಿರ್ವದ ಲಿಯೋನೆಲ್ ಜೊತೆ ಮಣಿಪಾಲದ ಮಣ್ಣಪಳ್ಳಕ್ಕೂ ಕಾರ್ಕಳದ ಕೆರೆಗಳಿಗೂ ಸುತ್ತುವುದು ಅಭ್ಯಾಸವಾಗಿತ್ತು. ಅಷ್ಟರಲ್ಲಿ ನಿಲ್ಲಬಹುದು ಎಂದುಕೊಂಡಿದ್ದೆ. ಈಗ ಅಂಡಮಾನಿಗೆ ಹೋಗಿ, ಅಲ್ಲಿಂದ ಮತ್ತೆ ಹಡಗು ಹತ್ತಿ, ತುತ್ತತುದಿಯ ಯಾವುದೋ ದ್ವೀಪದ ಕಾಡಿಗೆ ಹೋಗುತ್ತಾರಂತೆ. ಅಲ್ಲಿ ಮಣ್ಣು, ತರಗೆಲೆ ಗುಡ್ಡೆ ಹಾಕಿ ಅದರೊಳಗೆ ಮೊಟ್ಟೆ ಹುಗಿಯುವ ಹಕ್ಕಿ ಉಂಟಂತೆ. ಚಿತ್ರ ತೋರಿಸಿದರು. ನೋಡಿದರೆ ಕೋಳಿ! ನಮ್ಮ ಹಿತ್ತಲಲ್ಲಿ ಇಲ್ಲದ ಎಂತ ಕೋಳಿ ಅದು ಎಂದು ಕೇಳಿದ್ದಕ್ಕೆ, ನಿನಗೆ ಗೊತ್ತಾಗುವುದಿಲ್ಲ ಮಾರಾಯ್ತಿ ಎಂದು ನಕ್ಕರು. ಆ ನಗುವೇ ನನಗೆ ಸರಿ ಕಾಣಲಿಲ್ಲ.

ಮೊದಲು ನನಗೆ ಕಾರ್ಕಳದ ಜೆನಿಟಾ ಎಂಬವರ ಮೇಲೆ ಸಂಶಯ ಬಂತು. ಈ ಪ್ರಯಾಣದ ವ್ಯವಸ್ಥೆಯೆಲ್ಲ ಅವರದ್ದೇ. ಅವರ ಫೋನು ಬಂದರೆ ಸಾಕು, ಉಪ್ಪ ತಾರಸಿಗೆ ಹತ್ತುತ್ತಾರೆ. ನಾನು ಬಟ್ಟೆ ಒಣಗಿಸುವ ನೆಪದಲ್ಲಿ ಹಿಂದೆಯೇ ಹೋದರೆ, ಹಾಂ ಹಾಂ, ಆಮೇಲೆ ಮಾಡುತ್ತೇನೆ ಎಂದು ಇಟ್ಟುಬಿಡುತ್ತಾರೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಈಚೆಗೆ ನನಗೆ ಮುಖ ಕೊಟ್ಟು ಮಾತಾಡುವುದೂ ಕಡಿಮೆ. ಪಕ್ಕದಲ್ಲೇ ನಿಂತು ಚಾ ಹಿಡಿದರೂ ನೋಡದವರಂತೆ ಇರುತ್ತಾರೆ. ಮೊನ್ನೆ ದಾರಿಯಲ್ಲಿದ್ದ ಮಣೆಗೆ ಎಡವಿ, ಇದನ್ನು ಇಲ್ಲಿ ಇಟ್ಟವರು ಯಾರು ಎಂದು ನನಗೇ ಬೈದರು. ಸ್ಕೂಟರು ಮುಟ್ಟದೆ ಎಷ್ಟೋ ದಿನವಾಯಿತು, ಎಲ್ಲಿಗೆ ಹೋಗುವುದಾದರೂ ಲಿಯೋನೆಲ್ ಕಾರು ತರಬೇಕು. ಸಾಲದ್ದಕ್ಕೆ ಕಪಾಟಿನಲ್ಲಿದ್ದ ನನ್ನ ಆಧಾರ್ ಕಾರ್ಡು ಕಾಣುವುದಿಲ್ಲ. ಕೇಳಿದರೆ, ಎಲ್ಲೋ ಇರಬಹುದು, ಹುಡುಕು ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ದನಿ ಅದು. ನನಗೆ ತಿಳಿಯದೆ ಈ ಮನೆಯನ್ನು ಯಾರಿಗಾದರೂ ಬರೆದುಕೊಡುತ್ತಿದ್ದಾರೋ ಎಂದೂ ಯೋಚನೆ ಹೋಯಿತು.

ಇಷ್ಟಾದರೆ ನಾನೇ ಜಗಳ ಮಾಡಿ ಮುಗಿಸುತ್ತಿದ್ದೆ, ನಿನಗೆ ಬರೆಯುತ್ತಿರಲಿಲ್ಲ. ಎದೆ ಹೊಡೆದುಕೊಂಡದ್ದು ಪಡುಬಿದ್ರಿಯಿಂದ ನನ್ನ ತಂಗಿಯ ಫೋನು ಬಂದಾಗ. ಉಪ್ಪ ಅವಳ ಮನೆಗೆ ಹೋಗಿ, ಎದುರಿಗೆ ಕುರ್ಚಿ ಎಳೆದು ಕೂತು, ಅವಳ ಮುಖವನ್ನೇ ನೋಡುತ್ತಾ, ನನ್ನಿಂದ ಏನಾದರೂ ತಪ್ಪಾಗಿದ್ದರೆ ಮನ್ನಿಸಬೇಕು ಎಂದರಂತೆ. ಅಲೆವೂರಿನ ಹಳೆಯ ಟೈಲರನ ಮನೆಗೂ ಹೋದರಂತೆ, ಮಾತು ಬಿಟ್ಟಿದ್ದ ಪಕ್ಕದ ಅಂಗಡಿಯವನ ಕೈಯನ್ನೂ ಹಿಡಿದರಂತೆ. ಹಜ್ಜಿಗೋ ಉಮ್ರಾಕ್ಕೋ ಹೊರಡುವವರು ಹೀಗೆ ಮನೆಮನೆಗೆ ಹೋಗಿ ಕೇಳುವುದು ನಮ್ಮಲ್ಲಿ ಇದ್ದದ್ದೇ. ದೂರದ ದಾರಿ, ಮರಳಿ ಬರುತ್ತೇವೋ ಇಲ್ಲವೋ ಎಂದು. ಆದರೆ ಕೋಳಿಯ ಫೋಟೋ ತೆಗೆಯಲು ಹೋಗುವವರು ಕೇಳಿದ್ದುಂಟಾ? ಇವರು ಮರಳಿ ಬರುವ ಯೋಚನೆಯಲ್ಲೇ ಇಲ್ಲವೆಂದು ನನಗೆ ಅನಿಸುತ್ತದೆ ಝಿಯಾದ್. ಅವರು ಆಗಾಗ ತೋರಿಸುವ ಮಣಿಪಾಲದ ಡಾಕ್ಟರು ಏನಾದರೂ ಹೇಳಿದ್ದಾರೋ, ಅಥವಾ ನನ್ನ ಜೊತೆ ಬದುಕಿ ಸಾಕಾಗಿದೆಯೋ. ಊರಿಗೆಲ್ಲ ಕೇಳಿದವರು ನನ್ನ ಹತ್ತಿರ ಮಾತ್ರ ಕೇಳಲಿಲ್ಲ. ಮದುವೆಯಾಗಿ ಇಷ್ಟು ಕಾಲವಾಯಿತು, ಮೊದಲು ಕೇಳಬೇಕಾದದ್ದು ನನ್ನಲ್ಲಿ ಅಲ್ಲವೇ? ನನಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿದೆ. ನೀನು ಫೋನು ಮಾಡಿ ಗಂಡಸರ ಮಾತಿನಲ್ಲಿ ಉಪಾಯವಾಗಿ ವಿಚಾರಿಸು. ಉಮ್ಮ ಬರೆದದ್ದು ಎಂದು ಹೇಳಬೇಡ.

ರಿಝಾನಾಳಿಗೆ ನನ್ನ ಸಲಾಂ, ಮಗುವಿನ ಎರಡೂ ಕೆನ್ನೆಗೆ ಮುತ್ತು. ಅಲ್ಲಾಹನು ನಿಮ್ಮ ಮೂವರನ್ನೂ ಕಾಪಾಡಲಿ, ನಿನ್ನ ಉಪ್ಪನಿಗೆ ಒಳ್ಳೆಯ ಬುದ್ಧಿ ಕೊಡಲಿ.

ನಿನ್ನ ಉಮ್ಮ,
ಕುಂಞಿಪಾತುಮ್ಮ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಲಿಯೋನೆಲ್ ಬಂದರು. ಚಾ ಕೊಡುವ ಮೊದಲೇ ಹಿಡಿದು ಕೇಳಿದೆ. ಪಾಪ, ಬೆವರಿಬಿಟ್ಟರು. "ಪಾತುಮ್ಮಕ್ಕ, ನಿಮ್ಮ ಹಾಜಬ್ಬನಿಗೆ ಬದಿಯಲ್ಲಿ ಇರುವುದು ಎಂತದ್ದೂ ಕಾಣುವುದಿಲ್ಲ. ನೇರ ಎದುರಿಗೆ ಇದ್ದದ್ದು ಮಾತ್ರ ಕಾಣುತ್ತದೆ" ಎಂದರು. ಕಣ್ಣಿನ ನರದ ಕಾಯಿಲೆಯಂತೆ. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಕಣ್ಣಿಗೆ ಮದ್ದಿನ ಹನಿ ಹಾಕಿ ಕಾಪಾಡಿಕೊಳ್ಳಬೇಕಂತೆ. ಉಪ್ಪ ಮಸೀದಿಯಿಂದ ಬಂದವರು ನಮ್ಮಿಬ್ಬರನ್ನೂ ನೋಡಿ ಎಲ್ಲ ತಿಳಿದುಕೊಂಡರು. "ಮುಖ ಕಾಣುವಾಗಲೇ ಎಲ್ಲರ ಹತ್ತಿರ ಕೇಳಿಬಿಡುವ ಅಂತ" ಎಂದರು. ನಾನು ಅತ್ತೆ, ಬೈದೆ, ಮತ್ತೆ ಅತ್ತೆ. ನನ್ನ ಹತ್ತಿರ ಯಾಕೆ ಕೇಳಲಿಲ್ಲ ಎಂದೆ. "ಉಳಿಯುವವರ ಹತ್ತಿರ ಕೇಳುವುದು ಮಾರಾಯ್ತಿ. ಕೂಡ ಬರುವವಳ ಹತ್ತಿರ ಯಾರಾದರೂ ಕೇಳ್ತಾರಾ?" ಎಂದರು. ಆಧಾರ್ ಕಾರ್ಡು ಜೆನಿಟಾ ಹತ್ತಿರ ಉಂಟಂತೆ, ಟಿಕೆಟಿಗೆ ನನ್ನ ಹೆಸರೂ ಸೇರಿಸಿ ಆಗಿದೆಯಂತೆ. ಕಾಡಿನಲ್ಲಿ ಬದಿಯ ಹಕ್ಕಿಯನ್ನು ತೋರಿಸಿಕೊಡಲು ನಾನು ಬೇಕಂತೆ.

ಹಲ್ವದ ಕಟ್ಟು ಕೊಂಡುಹೋಗಲು ಬಂದ ನಜೀಬ ಗೇಟಿನಲ್ಲಿ ಹಾರನ್ ಹೊಡೆಯುತ್ತಿದ್ದಾನೆ. ಬೇರೆ ಕಾಗದ ಬರೆಯಲು ಹೊತ್ತಿಲ್ಲ, ಮೇಲಿನದ್ದನ್ನು ಉಪ್ಪನಿಗೆ ಹೇಳಬೇಡ. ಇನ್ನು ನಾನೂ ಮನೆಮನೆ ಸುತ್ತಬೇಕು. ನೀನು ಎಲ್ಲರಿಗಿಂತ ದೂರ ಇರುವವನು, ನಿನ್ನಿಂದಲೇ ಸುರು ಮಾಡುತ್ತೇನೆ. ನನ್ನಿಂದ ಏನಾದರೂ ತಪ್ಪಾಗಿದ್ದರೆ ಮನ್ನಿಸು ಮಗನೇ.