ನಾನು ಕಂಡಿರದ ನನ್ನ ಸೇತುವೆ

ಸಂಪಾಜೆ, ಶನಿವಾರ

ದೊಡ್ಡವ್ವಾ, ನಿನ್ನ ಶೈಲಾಳ ನಮಸ್ಕಾರ.

ಇಲ್ಲಿಯ ಕಾರ್ಯಾಗಾರದಲ್ಲಿ ಎಂಜಿನಿಯರುಗಳಾದ ನಾವು ನಮ್ಮ ಕೆಲಸದ ಕತೆಯನ್ನು ಮೊಬೈಲಿನಲ್ಲೇ ವಿಡಿಯೊ ಮಾಡಲು ಕಲಿತು, ಇವತ್ತು ಶಾಲೆಯ ಮಕ್ಕಳಿಗೆ ತೋರಿಸಿದೆವು. ಹುಬ್ಬಳ್ಳಿಯಲ್ಲಿ ಕೂತೇ ಇಲ್ಲಿನ ಹೊಳೆಗೊಂದು ಸೇತುವೆಯ ನಕ್ಷೆ ಬರೆದಿದ್ದೆನಲ್ಲ, ನಾನು ಅದರ ಕತೆ ಹೇಳಿದೆ.

ಮುಗಿಯುತ್ತಲೇ ಲಿಖಿತಾ ಎಂಬ ಹುಡುಗಿ ಎದ್ದು ನಿಂತಳು. "ಮೇಡಂ, ನನ್ನ ತಂಗಿ ಹುಟ್ಟಿದ್ದೇ ಆ ಬ್ರಿಡ್ಜ್ ಮೇಲೆ, ಆಂಬುಲೆನ್ಸಲ್ಲಿ! ಮೊದ್ಲು ಮಳೆಗಾಲದಲ್ಲಿ ಹೊಳೆ ದಾಟೋಕೇ ಆಗ್ತಿರ್ಲಿಲ್ಲ."

ಹಿಂದೆ ಕೂತಿದ್ದ ಅವಳ ತಾಯಿ ಆ ಮಗುವನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿದರು. ನಾನು ಅದರ ಪುಟ್ಟ ಕೈ ಹಿಡಿದುಕೊಂಡೆ, ದೊಡ್ಡವ್ವಾ.

"ಬ್ರಿಡ್ಜ್ ಕಟ್ಟೋಕೆ ಏನು ಓದ್ಬೇಕು ಮೇಡಂ?" ಎಂದು ಲಿಖಿತಾ ಬೆನ್ನು ಬಿಡಲಿಲ್ಲ.

ನನ್ನ ಕೆಮ್ಮು ಇಳಿದಿದೆ. ನೀನು ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಸೇತುವೆ ತೋರಿಸುತ್ತೇನೆಂದು ಲಿಖಿತಾ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾಳೆ, ಹೊರಟೆ.

ಶೈಲಾ